ತಾಂತ್ರಿಕ ವಾರ್ತೆಯೂ ವಾಚಕರ ನಗೆಯೂ: ಬೆಂಗಳೂರಿನ ಕೆಲವು ನಿದರ್ಶನಗಳ ಪರಾಮರ್ಶೆ

1. ಪೀಠಿಕೆ

ಕನ್ನಡ ಪತ್ರಿಕೆಗಳ ಇತಿಹಾಸವನ್ನು ಬರೆದವರು 1843ರಲ್ಲಿ ಹರ್ಮನ್ ಮೋಗ್ಲಿಂಗನು ಹೊರಡಿಸಿದ 'ಮಂಗಳೂರ ಸಮಾಚಾರ'ದಿಂದ ಮೊದಲುಮಾಡಿ ಸಂಪಾದಕರ, ಮುದ್ರಣಾಲಯಗಳ, ಪಕ್ಷಭೇದಗಳ ಕಥೆಯನ್ನು ವಿವರವಾಗಿ ಹೇಳಿದ್ದಾರೆ. ಆದರೆ ಪತ್ರಿಕೆಯನ್ನು ಓದಿದವರು ಏನೆಂದುಕೊಂಡರು, ಯಾವ ಸುದ್ದಿಗೆ ತಲೆದೂಗಿದರು, ಯಾವುದಕ್ಕೆ ನಕ್ಕರು ಎಂಬುದು ಆ ಇತಿಹಾಸದಲ್ಲಿ ಅಪೂರ್ವವಾಗಿ ಮಾತ್ರ ಕಾಣಸಿಗುತ್ತದೆ. ಅದರಲ್ಲಿಯೂ ಹೊಸ ಯಂತ್ರದ ಸುದ್ದಿ ಬಂದಾಗ ಜನರು ತೋರಿದ ಹಾಸ್ಯವನ್ನೂ ಸಂಶಯವನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ: ಜನರು ಮೊದಲು ಅರಿಯದೆ ನಕ್ಕರು, ಕಾಲಕ್ರಮದಲ್ಲಿ ಅರಿತು ಒಪ್ಪಿಕೊಂಡರು. ಈ ತೀರ್ಪು ಎಷ್ಟರಮಟ್ಟಿಗೆ ಸಾಧುವಾದುದೆಂದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ನಾವು ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಕುಮಾರಸ್ವಾಮಿ ಲೇಔಟನ್ನು ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. ಈ ಬಡಾವಣೆಯಲ್ಲಿ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿದೆ. ನೆರೆಯ ಬಡಾವಣೆಯ ಹೆಸರೇ ಇಸ್ರೋ ಲೇಔಟ್. ಸಮೀಪದ ಕನಕಪುರ ರಸ್ತೆಯ ಮೇಲೆ ನಮ್ಮ ಮೆಟ್ರೋ ಓಡುತ್ತದೆ. ಅದೇ ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಕಾವೇರಿಯ ನೀರನ್ನು ನಗರಕ್ಕೆ ಎತ್ತುವ ತಾತಗುಣಿಯ ಪಂಪುಮನೆ ಸಿಗುತ್ತದೆ. ವಿದ್ಯುತ್ತು, ನೀರು, ಅಂತರಿಕ್ಷಯಾನ, ರೈಲು ಎಂಬ ಒಂದು ಶತಮಾನದ ದೊಡ್ಡ ವಾರ್ತೆಗಳೆಲ್ಲ ಇಲ್ಲಿ ಮನೆಬಾಗಿಲಿನ ಸಂಗತಿಗಳಾಗಿವೆ. ಅವುಗಳ ಹಿಂದಣ ಕಥೆಯನ್ನು ಒಂದೊಂದಾಗಿ ನೋಡೋಣ.

2. ಸತ್ವ ತೆಗೆದ ನೀರು

ಕಾವೇರಿಯ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆ ದಿವಾನ್ ಶೇಷಾದ್ರಿ ಅಯ್ಯರವರ ಕಾಲದ್ದು. 1902ರಲ್ಲಿ ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿದವು. ಈ ಕ್ರಮ ಗಮನಾರ್ಹವಾದುದು. ಮೊದಲು ಗಣಿ, ಆಮೇಲೆ ನಗರ. ತಂತಿ ಹಾದುಹೋದ ದಾರಿಯ ಹಳ್ಳಿಗಳ ಗುಡಿಸಲುಗಳಿಗೆ ಬೆಳಕು ಬಂದದ್ದು ಇನ್ನೂ ಬಹುಕಾಲದ ಮೇಲೆ.

ಇಂತಹ ಯೋಜನೆಗಳನ್ನು ಕುರಿತು ಒಂದು ಕಥೆ ಬಳಕೆಯಲ್ಲಿದೆ. ನೀರಿನಿಂದ ಕರೆಂಟನ್ನು ತೆಗೆದಮೇಲೆ ಅದರಲ್ಲಿ ಸತ್ವ ಉಳಿಯುವುದಿಲ್ಲವೆಂದೂ, ಕೆನೆ ತೆಗೆದ ಹಾಲಿನಂತಾದ ಆ ನೀರಿನಿಂದ ಪೈರು ಬೆಳೆಯುವುದಿಲ್ಲವೆಂದೂ ರೈತರು ಆಕ್ಷೇಪಿಸಿದರಂತೆ. ಭೌತಶಾಸ್ತ್ರದ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಯೂ ಇದಕ್ಕೆ ಉತ್ತರ ಹೇಳಬಲ್ಲನು: ಯಂತ್ರವು ಪಡೆಯುವುದು ನೀರು ಮೇಲಿನಿಂದ ಕೆಳಕ್ಕೆ ಬೀಳುವಾಗ ಉಂಟಾಗುವ ಶಕ್ತಿಯನ್ನು, ಪೈರಿಗೆ ಬೇಕಾದ ಯಾವುದೂ ನೀರಿನಿಂದ ಕಳೆದುಹೋಗುವುದಿಲ್ಲ. ಆದ್ದರಿಂದಲೇ ಈ ಕಥೆಯನ್ನು ಹೇಳಿದವರೂ ಕೇಳಿದವರೂ ನಗುತ್ತಾರೆ.

ಆದರೆ ಇತಿಹಾಸದ ಅಭ್ಯಾಸಿಯು ಇಲ್ಲಿ ಸ್ವಲ್ಪ ನಿಲ್ಲಬೇಕು. ಇದೇ ಕಥೆಯನ್ನು ಪಂಜಾಬಿನಲ್ಲಿ ಭಾಕ್ರಾ ಅಣೆಕಟ್ಟಿನ ವಿಷಯವಾಗಿಯೂ ಹೇಳುತ್ತಾರೆ. ಎಲ್ಲಿ ಹೇಳಿದರೂ 'ನಾನು ಹಾಗೆಂದುಕೊಂಡಿದ್ದೆ' ಎನ್ನುವ ನಿರೂಪಕನಿಲ್ಲ. 'ರೈತರು ಹಾಗೆಂದರು' ಎನ್ನುವವನೇ ಇದ್ದಾನೆ. ಊರಿಂದೂರಿಗೆ ಸಂಚರಿಸುವ ಇಂತಹ ಕಥೆ ರೈತನ ಮನಸ್ಸಿಗೆ ಸಾಕ್ಷ್ಯವಾಗುವುದಕ್ಕಿಂತ, ರೈತನನ್ನು ಕುರಿತು ಓದುಬಲ್ಲವರಿಗಿದ್ದ ಭಾವನೆಗೇ ಹೆಚ್ಚಿನ ಸಾಕ್ಷ್ಯ.

ಇಷ್ಟೇ ಅಲ್ಲ. ವಿದ್ಯುತ್ತಿಗಾಗಿ ನದಿಯನ್ನು ಕಟ್ಟಿದರೆ ಕೆಳಗಿನವರ ನೀರಿನ ಗತಿಯೇನು ಎಂಬ ಪ್ರಶ್ನೆ ಹಾಸ್ಯದ ವಿಷಯವೇ ಆಗಿರಲಿಲ್ಲ. ಕಾವೇರಿಯ ನೀರನ್ನು ಕುರಿತು ಮೈಸೂರಿಗೂ ಮದ್ರಾಸಿಗೂ 1892ರಲ್ಲಿಯೇ ಒಂದು ಒಪ್ಪಂದವಾಗಿತ್ತು. ಬೇಸಗೆಯಲ್ಲಿಯೂ ಶಿವನಸಮುದ್ರದ ಯಂತ್ರಗಳಿಗೆ ಸಮನಾಗಿ ನೀರೊದಗಿಸುವುದು ಕೃಷ್ಣರಾಜಸಾಗರದ ಉದ್ದೇಶಗಳಲ್ಲೊಂದು. 1911ರಲ್ಲಿ ಆ ಕಟ್ಟೆಯ ಕೆಲಸ ಮೊದಲಾದಾಗ ಮದ್ರಾಸು ಸರ್ಕಾರ ಬಲವಾಗಿ ಆಕ್ಷೇಪಿಸಿತು. 1914ರಲ್ಲಿ ಗ್ರಿಫಿನ್ನನ ಪಂಚಾಯಿತಿ ತೀರ್ಪು ಬಂತು. ಅದರಿಂದಲೂ ವಿವಾದ ತೀರದೆ 1924ರಲ್ಲಿ ಮತ್ತೊಂದು ಒಪ್ಪಂದವಾಯಿತು. ಯಂತ್ರದಿಂದ ಹೊರಬರುವ ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾರ ಅನುಕೂಲಕ್ಕೆ ತಕ್ಕಂತೆ ಬರುತ್ತದೆ ಎಂಬ ಶಂಕೆ ಎರಡು ಸರ್ಕಾರಗಳನ್ನು ವರ್ಷಗಟ್ಟಲೆ ಕಾಡಿತೆಂದಾಯಿತು. ಅದೇ ಶಂಕೆಯನ್ನು ಸರ್ಕಾರ ಬರೆದಾಗ ಅದಕ್ಕೆ ವಿವಾದವೆಂಬ ಗೌರವ ಬಂತು. ರೈತನ ಬಾಯಲ್ಲಿಟ್ಟಾಗ ಅದು ನಗೆಯ ಪ್ರಸಂಗವಾಯಿತು.

ಇಂದು ಕುಮಾರಸ್ವಾಮಿ ಲೇಔಟಿನ ನಲ್ಲಿಗಳಿಗೆ ಬರುವುದು ಕಾವೇರಿಯ ನೀರೇ. 1974ರಿಂದ ಬೆಂಗಳೂರು ಈ ನದಿಯ ನೀರನ್ನು ಕುಡಿಯುತ್ತಿದೆ. ಶಿವನಸಮುದ್ರದ ಬಳಿಯಲ್ಲಿ ಪಡೆದ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳು ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ತಳ್ಳುತ್ತವೆ. ಹಳೆಯ ಕಥೆಯ ರೈತನ ಭಾಷೆಯಲ್ಲಿಯೇ ಹೇಳುವುದಾದರೆ, ಇದು ಕರೆಂಟು ತೆಗೆದ ನೀರಲ್ಲ, ಕರೆಂಟು ಹಾಕಿದ ನೀರು. 2024ರ ಬೇಸಗೆಯಲ್ಲಿ ನಗರವೆಲ್ಲ ನೀರಿಗಾಗಿ ಬಾಯಿಬಿಟ್ಟಾಗ, ಯಾರ ನೀರು ಯಾರಿಗೆ ಎಂಬ ಪ್ರಶ್ನೆ ಓದುಬಲ್ಲವರ ಮನೆಯನ್ನೂ ಹೊಕ್ಕಿತು. ಆಗ ಅದನ್ನು ಕೇಳಿ ನಕ್ಕವರಿಲ್ಲ.

3. ಹೆಸರಿಟ್ಟವರೂ ನಕ್ಕವರೂ

ಮೇಲಿನ ಕಥೆಯಲ್ಲಿ ಓದುಬಲ್ಲವನು ಓದುಬಾರದವನನ್ನು ಕಂಡು ನಕ್ಕನು. ಓದುಬಲ್ಲವನು ತನ್ನನ್ನೇ ಕಂಡು ನಗಲು ಕಲಿತದ್ದು ಹಾಸ್ಯಪತ್ರಿಕೆಗಳಲ್ಲಿ. ಅವುಗಳಲ್ಲಿ 'ಕೊರವಂಜಿ' ಪ್ರಮುಖವಾದುದು. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು, ಇದನ್ನು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದರು. ಇದು 1967ರವರೆಗೆ ನಡೆಯಿತು. ಹೆಸರೇ ಅರ್ಥವತ್ತಾಗಿದೆ. ಕೊರವಂಜಿ ಕಣಿ ಹೇಳುವವಳು. ತಾಂತ್ರಿಕ ವಾರ್ತೆಯೂ ಬಹುಮಟ್ಟಿಗೆ ಮುಂದಾಗುವುದನ್ನು ಹೇಳುವ ಕಣಿಯೇ. ಒಬ್ಬಳ ಮಾತನ್ನು ಅರೆನಂಬಿಕೆಯಿಂದ ಕೇಳುವ ಅಭ್ಯಾಸವಿದ್ದ ಜನ ಇನ್ನೊಂದನ್ನೂ ಹಾಗೆಯೇ ಕೇಳಿದರೆ ಅಚ್ಚರಿಯಿಲ್ಲ.

ಈ ಪತ್ರಿಕೆಯ ಲೇಖಕರಲ್ಲೊಬ್ಬರಾದ ನಾ. ಕಸ್ತೂರಿಯವರ ನಿದರ್ಶನ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಒಂದು ರೇಡಿಯೋ ಕೇಂದ್ರವನ್ನು ನಡೆಸತೊಡಗಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ಕಸ್ತೂರಿಯವರೆಂದು ಪ್ರಸಿದ್ಧಿ. ಮುಂದೆ ಅದು ದೇಶದ ಪ್ರಸಾರಸಂಸ್ಥೆಗೇ ಹೆಸರಾಯಿತು. ಕಂಸನನ್ನು ಎಚ್ಚರಿಸಿದ ಅಶರೀರವಾಣಿಯ ನೆನಪನ್ನು ತರುವ ಇಂತಹ ಗಂಭೀರನಾಮವನ್ನು ಯಂತ್ರಕ್ಕೆ ಸೂಚಿಸಿದ ಲೇಖಕರೇ, ಬಳಕೆಯ ಮಾತುಗಳಿಗೆ ತಲೆಕೆಳಗಾದ ಅರ್ಥಗಳನ್ನು ಕೊಟ್ಟು ನಗಿಸುವ 'ಅನರ್ಥಕೋಶ'ವನ್ನೂ ರಚಿಸಿದರು. ಯಂತ್ರವನ್ನು ಸ್ವಾಗತಿಸುವ ಮನಸ್ಸು ಒಂದು, ಅದನ್ನು ಕುರಿತ ದೊಡ್ಡಮಾತನ್ನು ಕಂಡು ನಗುವ ಮನಸ್ಸು ಇನ್ನೊಂದು ಎಂದು ಭಾವಿಸುವವರಿಗೆ ಈ ಒಂದು ಉದಾಹರಣೆ ಸಾಕು. ಎರಡೂ ಒಂದೇ ಮನಸ್ಸಿನಲ್ಲಿ ಸುಖವಾಗಿ ಇರಬಲ್ಲವು.

ಕೊರವಂಜಿಗೆ ಚಿತ್ರ ಬರೆದವರಲ್ಲಿ ಮೈಸೂರಿನವರಾದ ಆರ್. ಕೆ. ಲಕ್ಷ್ಮಣ್ ಒಬ್ಬರು. ಮುಂದೆ ಮುಂಬಯಿಯಲ್ಲಿ ಅವರು ರಚಿಸಿದ 'ಸಾಮಾನ್ಯ ಮನುಷ್ಯ'ನ ಚಿತ್ರಗಳಲ್ಲಿ ಒಂದು ಚಂದ್ರಯಾನವನ್ನು ಕುರಿತದ್ದು. ಚಂದ್ರನ ಮೇಲೆ ಅನ್ನ ನೀರು ನೆರಳುಗಳಿಲ್ಲದೆ ಬದುಕಬಲ್ಲವನನ್ನು ಹುಡುಕುವ ವಿಜ್ಞಾನಿಗಳಿಗೆ ಈ ಬಡಪಾಯಿಯೇ ತಕ್ಕವನಾಗಿ ಕಾಣುತ್ತಾನೆ. ಇಲ್ಲಿ ನಗೆ ಚಂದ್ರಯಾನದ ಮೇಲಲ್ಲ. ನೆಲದ ಮೇಲೆಯೇ ಚಂದ್ರಲೋಕದ ಬಾಳನ್ನು ಬಾಳುತ್ತಿರುವವನ ಸ್ಥಿತಿಯ ಮೇಲೆ. ದೂರದ ಸುದ್ದಿಯನ್ನು ಹಿಡಿದು ಹತ್ತಿರದ ಕೊರತೆಯನ್ನು ಅಳೆಯುವ ಈ ರೀತಿಯನ್ನು ನಾವು ಮುಂದೆಯೂ ಕಾಣಲಿದ್ದೇವೆ.

4. ಎತ್ತಿನ ಗಾಡಿ: ಹೊರಗಿನವರ ನಗೆ

1981ರಲ್ಲಿ 'ಆಪಲ್' ಎಂಬ ಸಂಪರ್ಕ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟು ತೆಗೆದ ಛಾಯಾಚಿತ್ರ ಲೋಕಪ್ರಸಿದ್ಧವಾಗಿದೆ. ಬಡದೇಶದ ಉಪಗ್ರಹಕ್ಕೆ ಮೋಟಾರುಗಾಡಿಯೂ ಇಲ್ಲವೆಂದು ನಕ್ಕವರುಂಟು. ನಿಜವಾದ ಕಾರಣ ಬೇರೆ. ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಸುತ್ತ ಲೋಹದ ವಾಹನವಿದ್ದರೆ ಪರೀಕ್ಷೆ ಕೆಡುತ್ತಿತ್ತು. ಮರದ ಗಾಡಿ ಆ ದೋಷವನ್ನು ಅಗ್ಗವಾಗಿ ನಿವಾರಿಸಿತು. ಚಿತ್ರದಲ್ಲಿ ದಾರಿದ್ರ್ಯವನ್ನು ಕಂಡವರು ಅದರೊಳಗಿದ್ದ ಯುಕ್ತಿಯನ್ನು ಕಾಣಲಿಲ್ಲ.

ಮೂವತ್ತಮೂರು ವರ್ಷಗಳ ಮೇಲೆ ಇದೇ ನಗೆ ಮತ್ತೆ ಕೇಳಿಸಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳಗ್ರಹದ ಕಕ್ಷೆಯನ್ನು ಸೇರಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂತು: ಹಸುವನ್ನು ಹಿಡಿದ ಭಾರತೀಯ ರೈತನೊಬ್ಬನು ಗಣ್ಯರ ಅಂತರಿಕ್ಷಸಂಘದ ಬಾಗಿಲು ತಟ್ಟುತ್ತಿದ್ದಾನೆ. ಓದುಗರ ಆಕ್ಷೇಪಗಳು ಹೆಚ್ಚಿದಮೇಲೆ ಪತ್ರಿಕೆ ಕ್ಷಮೆ ಕೇಳಿತು. ಸತ್ವ ತೆಗೆದ ನೀರಿನ ಕಥೆಗೂ ಈ ಚಿತ್ರಕ್ಕೂ ಇರುವ ಬಾಂಧವ್ಯ ಗಮನಿಸತಕ್ಕದ್ದು. ಎರಡರಲ್ಲಿಯೂ ನಗುವವನು ಹೊರಗೆ ನಿಂತಿದ್ದಾನೆ. ನಗೆಗೆ ಗುರಿಯಾದವನು ರೈತನೇ. ನಗೆಯಿಂದ ಯಾರಿಗೂ ಏನೂ ದೊರೆಯುವುದಿಲ್ಲ.

5. ಚಂದ್ರನೂ ಬೀದಿಯೂ: ಒಳಗಿನವರ ನಗೆ

ಇದಕ್ಕೆ ಪ್ರತಿಯಾಗಿ 2019ರ ಸೆಪ್ಟೆಂಬರಿನ ಒಂದು ಪ್ರಸಂಗವನ್ನು ಇಡೋಣ. ಜುಲೈ 22ರಂದು ಹಾರಿದ ಚಂದ್ರಯಾನ-2 ಆಗ ಚಂದ್ರನನ್ನು ಸುತ್ತುತ್ತಿತ್ತು. ಪತ್ರಿಕೆಗಳೆಲ್ಲ ಅದೇ ಸುದ್ದಿಯಿಂದ ತುಂಬಿದ್ದವು. ಆ ದಿನಗಳಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಒಂದು ಚಿಕ್ಕ ಚಲಚ್ಚಿತ್ರವನ್ನು ಜನರ ಮುಂದಿಟ್ಟರು. ಗಗನಯಾತ್ರಿಯ ಉಡುಪಿನ ವ್ಯಕ್ತಿಯೊಬ್ಬನು ಹಳ್ಳಕೊಳ್ಳಗಳ ನೆಲದ ಮೇಲೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾನೆ. ನೋಡುವವನಿಗೆ ಅದು ಚಂದ್ರನ ನೆಲವೆಂದೇ ತೋರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋರಿಕ್ಷಾ ಹಾದುಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿಯ ಕಡೆಯ ಒಂದು ರಸ್ತೆ. ಚಿತ್ರ ದೇಶವಿದೇಶಗಳಲ್ಲಿ ಪ್ರಚಾರವಾಯಿತು. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವರು ತಡಮಾಡದೆ ಆ ಗುಂಡಿಗಳನ್ನು ಮುಚ್ಚತೊಡಗಿದರು. ಇದೇ ಕಲಾವಿದರು 2015ರಲ್ಲಿ ಸುಲ್ತಾನ್‌ಪಾಳ್ಯದ ಒಂದು ಗುಂಡಿಯಲ್ಲಿ ಮೊಸಳೆಯ ಪ್ರತಿಮೆಯನ್ನು ಇಟ್ಟಿದ್ದರು.

ಈ ಹಾಸ್ಯವನ್ನು ಲೆಕ್ಕದ ದೃಷ್ಟಿಯಿಂದ ಪರೀಕ್ಷಿಸಿದರೆ ಅದು ನಿಲ್ಲಲಾರದು. ಚಂದ್ರಯಾನ-2ಕ್ಕೆ ತಗುಲಿದ ಸುಮಾರು 978 ಕೋಟಿ ರೂಪಾಯಿ ಕೇಂದ್ರದ ಅಂತರಿಕ್ಷ ಇಲಾಖೆಯದು, ರಸ್ತೆ ಪಾಲಿಕೆಯದು. ಒಂದರ ಹಣ ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ. ಆದರೆ ಚಿತ್ರದ ವಾದ ಹಣದ್ದಲ್ಲ, ಶ್ರದ್ಧೆಯದು. ಲಕ್ಷಾಂತರ ಮೈಲಿ ದೂರದ ನೆಲವನ್ನು ಅಂಗುಲ ಅಂಗುಲವಾಗಿ ಅಳೆಯಬಲ್ಲ ನಗರ ತನ್ನ ಬೀದಿಯನ್ನು ಏಕೆ ಅಳೆಯಲಿಲ್ಲ? ಒಳ್ಳೆಯ ಕೆಲಸ ಹೇಗಿರುತ್ತದೆಂದು ಇಸ್ರೋ ತೋರಿಸಿಕೊಟ್ಟಿದ್ದರಿಂದಲೇ ಈ ಪ್ರಶ್ನೆಗೆ ಬಲ ಬಂತು. ನಗೆಯಲ್ಲಿ ಹೊಗಳಿಕೆಯೂ ಅಡಗಿತ್ತು.

ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ನೌಕೆಯ ಸಂಪರ್ಕ ಕಡಿದುಹೋದಾಗ ಜನರಲ್ಲಿ ಬಹುಮಟ್ಟಿಗೆ ಕಂಡುಬಂದುದು ಸಹಾನುಭೂತಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದೇ ಜನ ಹಬ್ಬ ಮಾಡಿದರು. ರಸ್ತೆಯ ಗುಂಡಿಯನ್ನು ಕಂಡು ನಕ್ಕ ಮಾತ್ರದಿಂದ ಯಾರೂ ವಿಜ್ಞಾನದ ವಿರೋಧಿಗಳಾಗಿರಲಿಲ್ಲ.

6. ನಕ್ಕವರೇ ಹತ್ತಿದ ರೈಲು

ಮೆಟ್ರೋ ರೈಲಿನ ಕಥೆಯೂ ಇದನ್ನೇ ಸಮರ್ಥಿಸುತ್ತದೆ. 2006ರಲ್ಲಿ ಶಂಕುಸ್ಥಾಪನೆ, 2011ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲ ಓಟ, ಕುಮಾರಸ್ವಾಮಿ ಲೇಔಟಿನವರಿಗೆ ಹತ್ತಿರದ ಯಲಚೇನಹಳ್ಳಿಯನ್ನು ಅದು ಮುಟ್ಟಿದ್ದು 2017ರ ಜೂನಿನಲ್ಲಿ. ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು. ಪ್ರತಿ ಗಡುವಿನ ಸುದ್ದಿಯೂ ನಗೆಯ ವಸ್ತುವಾಯಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ ಹಳಿ ಸಿದ್ಧವಾಗಿದ್ದರೂ ಬಂಡಿಗಳಿಲ್ಲದೆ ಜನ ಕಾಯಬೇಕಾಯಿತು. 2025ರ ಆಗಸ್ಟ್ 10ರಂದು ಅದರ ಉದ್ಘಾಟನೆಯಾದಾಗ ಇದ್ದುದು ಮೂರು ರೈಲುಗಳು. ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಾಗಿತ್ತು. ಚಾಲಕನಿಲ್ಲದೆ ಓಡಬಲ್ಲ ರೈಲೆಂಬ ಸುದ್ದಿಯ ಮುಂದೆ ಈ ಕಾಯುವಿಕೆ ನಗೆ ತರಿಸುವುದು ಸಹಜವೇ. ಆದರೂ ಜನರು ರೈಲನ್ನು ತೊರೆಯಲಿಲ್ಲ. ಹಾಸ್ಯ ಮಾಡಿದವರೇ ಟಿಕೆಟು ಕೊಂಡು ಸಾಲಿನಲ್ಲಿ ನಿಂತರು. ಅವರ ನಗೆ ಯಂತ್ರದ ನಿರಾಕರಣೆಯಾಗಿರದೆ, ಕೊಟ್ಟ ಮಾತಿನ ಲೆಕ್ಕ ಕೇಳುವ ಒಂದು ವಿಧಾನವಾಗಿತ್ತು.

7. ಉಪಸಂಹಾರ

ಮೇಲಿನ ನಿದರ್ಶನಗಳಿಂದ, ಜನರು ಅಜ್ಞಾನದಿಂದ ನಕ್ಕರೆಂಬ ತೀರ್ಪು ಹೆಚ್ಚು ಸಂದರ್ಭಗಳಲ್ಲಿ ನಿಲ್ಲಲಾರದೆಂದು ವೇದ್ಯವಾಗುತ್ತದೆ. ನಗೆಯನ್ನು ಸಾಕ್ಷ್ಯವಾಗಿ ಬಳಸುವ ಅಭ್ಯಾಸಿಗಳು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ನಗುವವನು ಆ ಯಂತ್ರದ ಫಲಾಫಲಗಳಲ್ಲಿ ಪಾಲುಳ್ಳವನೇ, ಹೊರಗೆ ನಿಂತವನೇ? ನಗೆ ಯಂತ್ರವನ್ನು ಕುರಿತದ್ದೇ, ಅದನ್ನು ಕುರಿತ ಭರವಸೆಯನ್ನು ಕುರಿತದ್ದೇ? ನಕ್ಕಮೇಲೆ ಏನಾಯಿತು? ಹೊರಗಿನವನ ನಗೆ ತೀರ್ಪು ಕೊಟ್ಟು ಮುಗಿಯುತ್ತದೆ. ಒಳಗಿನವನ ನಗೆ ಉತ್ತರವನ್ನು ನಿರೀಕ್ಷಿಸುತ್ತದೆ, ಕೆಲವೊಮ್ಮೆ ಪಡೆಯುತ್ತದೆ.

ನಗೆಯೊಂದರಿಂದಲೇ ಎಲ್ಲವೂ ಸಾಧಿಸದೆಂಬುದೂ ನಿಜ. ಅದು ಪ್ರಶ್ನೆಯಾಗಿ ಬೆಳೆಯಬೇಕು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಸಾಮಾನ್ಯರು ವಿಜ್ಞಾನಿಯನ್ನು ಎದುರಿಗೇ ಕೇಳುವುದಕ್ಕೆ ಅವಕಾಶವಾಯಿತು. ಹಾಸ್ಯಪತ್ರಿಕೆ ಅನುಮಾನವನ್ನು ಜೀವಂತವಾಗಿಟ್ಟಿತು. ವೇದಿಕೆ ಅದಕ್ಕೆ ಶಿಸ್ತು ಕೊಟ್ಟಿತು. ನಗರಕ್ಕೆ ಎರಡೂ ಬೇಕಾಗಿದ್ದವು.

ಇಂತಹ ನಗೆಯ ದಾಖಲೆಗಳು ಬೇಗ ನಷ್ಟವಾಗುತ್ತವೆ. ಯೋಜನೆಯ ವರದಿ ಸರ್ಕಾರದ ಕಡತದಲ್ಲಿ ಉಳಿಯುತ್ತದೆ. ಅದನ್ನು ಓದಿ ಜಗಲಿಯಲ್ಲಿ ಕುಳಿತವರು ಆಡಿದ ಮಾತು ಉಳಿಯುವುದಿಲ್ಲ. ಹಾಸ್ಯಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಸಂಪಾದಕರಿಗೆ ಬಂದ ಪತ್ರಗಳನ್ನೂ ಮನೆಯ ಹಿರಿಯರ ನೆನಪುಗಳನ್ನೂ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಸಂಗ್ರಹಿಸತೊಡಗಿದರೆ, ಮುಂದಿನ ಇತಿಹಾಸಕಾರನು ಜನರು ತಿಳಿಯದೆ ನಕ್ಕರೆಂದು ಬರೆಯುವ ಮೊದಲು ಒಂದು ಕ್ಷಣ ಲೇಖನಿಯನ್ನು ತಡೆದಾನು.