ಪಾದದಿಂದ ಮೇಲೇರುವ ನಿಶ್ಶಕ್ತಿ: ಜಿಬಿಎಸ್ ಚರಿತ್ರೆಯ ಒಂದು ನೋಟ

2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಪ್ರಕರಣಗಳು ಏಕಾಏಕಿ ಹೆಚ್ಚಿದಾಗ, ನಮ್ಮಲ್ಲಿ ಅನೇಕರು ಈ ಹೆಸರನ್ನು ಮೊದಲ ಬಾರಿಗೆ ಕೇಳಿದೆವು. ಹೆಸರು ನಮಗೆ ಹೊಸದು, ವ್ಯಾಧಿ ಹಳೆಯದು.

1859ರಲ್ಲಿ ಫ್ರಾನ್ಸಿನ ವೈದ್ಯ ಲಾಂಡ್ರಿ, ಕಾಲುಗಳಲ್ಲಿ ಆರಂಭವಾಗಿ ಮೇಲೇರುತ್ತ ಉಸಿರಾಟವನ್ನೂ ಕುಂದಿಸುವ ನಿಶ್ಶಕ್ತಿಯನ್ನು ವರ್ಣಿಸಿದರು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಗಿಯಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ವೈದ್ಯರು ಇಂತಹದೇ ಲಕ್ಷಣಗಳಿದ್ದ ಇಬ್ಬರು ಫ್ರೆಂಚ್ ಸೈನಿಕರ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಅದರಲ್ಲಿ ಪ್ರೋಟೀನ್ ಅಧಿಕವಾಗಿತ್ತು; ಜೀವಕೋಶಗಳ ಸಂಖ್ಯೆ ಹೆಚ್ಚಿರಲಿಲ್ಲ. ಪೋಲಿಯೊದಂತಹ ಸೋಂಕುಗಳಿಂದ ಇದನ್ನು ಪ್ರತ್ಯೇಕಿಸಲು ಈ ಗುರುತು ನೆರವಾಯಿತು. ಸೈನಿಕರಿಬ್ಬರೂ ಚೇತರಿಸಿಕೊಂಡರು. ರೋಗದ ಹೆಸರಿನಲ್ಲಿ ಗಿಯಾನ್ ಮತ್ತು ಬಾರೆ ಉಳಿದರು; ಸ್ಟ್ರೋಲ್ ಮರೆಯಾದರು.

ಸೋಂಕಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳೇ ಕೈಕಾಲುಗಳ ನರಗಳನ್ನು ಶತ್ರುವೆಂದು ಭ್ರಮಿಸುತ್ತವೆ ಎಂಬುದು ಅನಂತರ ತಿಳಿಯಿತು. ಕಲುಷಿತ ನೀರು, ಸರಿಯಾಗಿ ಬೇಯದ ಕೋಳಿಮಾಂಸಗಳಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಸೋಂಕು ಇದಕ್ಕೆ ಪ್ರಮುಖ ಪ್ರೇರಕ. 1980ರ ದಶಕದಲ್ಲಿ ಪ್ಲಾಸ್ಮಾ ಬದಲಾವಣೆ, 1992ರಲ್ಲಿ ಇಮ್ಯುನೊಗ್ಲೋಬ್ಯುಲಿನ್ ಪರಿಣಾಮಕಾರಿಯೆಂದು ಸಾಬೀತಾದವು. ಎರಡೂ ಬೇಗ ಆರಂಭಿಸಿದಷ್ಟು ಫಲಕಾರಿ.

ದೂರದಲ್ಲಿರುವ ನಾವು ಕಲಿಯಬೇಕಾದ ಪಾಠವೂ ಇದೇ. ಊರಿನಿಂದ ಕರೆಮಾಡಿದ ತಾಯಿ, “ನಾಲ್ಕು ದಿನದಿಂದ ಕಾಲು ಜೋಮು, ಮೆಟ್ಟಿಲು ಹತ್ತಲಾಗುತ್ತಿಲ್ಲ” ಎಂದರೆ, ವಯಸ್ಸಿನ ಆಯಾಸವೆಂದು ನಾವು ಸಮಾಧಾನ ಹೇಳದಿರೋಣ. ಅಂದೇ ಆಸ್ಪತ್ರೆಗೆ ಕಳುಹಿಸೋಣ. ಚೇತರಿಕೆಗೆ ತಿಂಗಳುಗಳೇ ಬೇಕಾಗಬಹುದು; ಆದರೆ ಬಹುಪಾಲು ರೋಗಿಗಳು ಮತ್ತೆ ನಡೆಯುತ್ತಾರೆ.