ಅಚ್ಚಿನ ದೇವರಿಗೆ ಜರಿಯ ಸೀರೆ

ವಿಜಯದಶಮಿಯಂದು ಕೊಯಮತ್ತೂರಿನ ರಾಜವೀದಿಯಲ್ಲಿ ದೇವಾಂಗ ಸಮುದಾಯದ ಗಂಡಸರು ಮೈಗೆ ಕತ್ತಿ ಹಾಕಿಕೊಳ್ಳುತ್ತ ಸೌಡೇಶ್ವರಿಯನ್ನು ಗುಡಿಗೆ ಕರೆತರುತ್ತಾರೆ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳವರೆಗೂ ಹಬ್ಬಿರುವ ಈ ನೇಕಾರ ಸಮುದಾಯದಲ್ಲಿ ಕನ್ನಡ ಮನೆಮಾತಿನವರು ಬಹಳ. ಬೀದಿಯ ದೇವಿಗೆ ಇಷ್ಟೊಂದು ಗದ್ದಲ. ಮನೆಗೋಡೆಯ ದೇವಿ ಮಾತ್ರ ತೀರ ಅಗ್ಗದಲ್ಲಿ, ಕಾಗದದ ಮೇಲೆ ಬಂದವಳು.

ಚಿನ್ನದ ರೇಕು ಹಚ್ಚಿದ ತಂಜಾವೂರು ಚಿತ್ರ, ಗೆಸ್ಸೋ ಎಂಬ ಉಬ್ಬು ಲೇಪದ ಕೆಲಸವಿರುವ ಮೈಸೂರು ಚಿತ್ರ ಉಳ್ಳವರ ಪೂಜಾಕೋಣೆಯ ಸೊತ್ತು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಬಡವರ ಮನೆಗೂ ಇಳಿದರು. ಮ್ಯಾಂಚೆಸ್ಟರ್ ಬಟ್ಟೆಯ ಚೀಟಿಗಳ ಮೇಲೂ ಬಣ್ಣದ ದೇವರುಗಳೇ. ಕೈಮಗ್ಗದ ಅನ್ನ ಕಸಿದ ಬಟ್ಟೆಗೆ ಮಗ್ಗದವರ ದೇವರ ಮುದ್ರೆ! ಮುಂದೆ ಕೋವಿಲ್‌ಪಟ್ಟಿಯ ಕೊಂಡಯ್ಯರಾಜು (1898–1976) ಬರೆದ ದೇವರುಗಳು ಶಿವಕಾಶಿಯ ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಅಂಗಡಿ, ಮನೆ ಎನ್ನದೆ ತೂಗಿದವು.

ಒಂದೇ ಕಲ್ಲಿನಿಂದ ಸಾವಿರಾರು ಪ್ರತಿ ಬಂದರೆ ದೈವತ್ವ ತೆಳುವಾಗುವುದಿಲ್ಲವೇ? ಹದಿನೈದನೆಯ ಶತಮಾನದ ಫ್ಲಾರೆನ್ಸ್ ಈ ಪ್ರಶ್ನೆಗೆ ತಲೆಕೆಡಿಸಿಕೊಳ್ಳಲಿಲ್ಲ. ಅದೂ ಉಣ್ಣೆ, ರೇಷ್ಮೆಯಲ್ಲಿ ಬದುಕಿದ ಊರೇ. ಅಲ್ಲಿ ಮೇರಿ–ಬಾಲಯೇಸುವಿನ ಉಬ್ಬುಚಿತ್ರಗಳನ್ನು ಗಾರೆಯಲ್ಲೂ ಸುಟ್ಟಮಣ್ಣಿನಲ್ಲೂ ಅಚ್ಚೊತ್ತಿ ಮಾರುತ್ತಿದ್ದರು. ಅವಕ್ಕೆ ಬಣ್ಣ ಬಳಿದ ಕೆಲಸವನ್ನು ಚಿತ್ರಕಾರ ನೇರಿ ದಿ ಬಿಚ್ಚಿ 1453ರಿಂದ 1475ರವರೆಗಿನ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮದುಮಗಳ ಬಳುವಳಿಯಲ್ಲಿ ಬಾಲಯೇಸುವಿನ ಬೊಂಬೆಯೂ ಹೋಗುತ್ತಿತ್ತು, ಕಸೂತಿ ಹಾಕಿದ ಅಂಗಿಯ ಸಮೇತ. ಅಚ್ಚಿನಲ್ಲಿ ಹುಟ್ಟಿದ್ದನ್ನು ಮನೆಯದನ್ನಾಗಿ ಮಾಡಿದ್ದು ತೊಡಿಸಿದ ಕೈ.

ತಮಿಳುನಾಡಿನ ಹೆಂಗಸರು ರವಿವರ್ಮನ ಪಟಗಳಿಗೂ ಹೀಗೆಯೇ ಮಾಡಿದರು: ಲಕ್ಷ್ಮಿಯ ಸೀರೆಗೆ ಬಟ್ಟೆಯ ಚೂರು ಅಂಟಿಸಿ, ಅಂಚಿಗೆ ಜರಿ, ಕೊರಳಿಗೆ ಮಣಿ, ಮಿಂಚು. ರವಿವರ್ಮ ಯುರೋಪಿನ ನೆರಳು–ಬೆಳಕಿನಿಂದ ಕಷ್ಟಪಟ್ಟು ತಂದ ಉಬ್ಬನ್ನು ಈ ಅಲಂಕಾರ ಮುಚ್ಚಿಬಿಡುತ್ತದೆ. ಕಲಾವಿಮರ್ಶಕನಿಗೆ ಅದು ಅಪಚಾರವೆನಿಸಬಹುದು. ಆದರೆ ಪೂಜೆಗೆ ಬೇಕಿದ್ದುದು ನೆರಳಲ್ಲ, ಉಟ್ಟ ಸೀರೆ.

ಹಾಗೆ ಜರಿ ಹೊದ್ದ ಪಟಗಳು ಈಗ ಕಲಾವಸ್ತುಗಳಾಗಿ ಹರಾಜಿಗೆ ಬರುತ್ತಿವೆ. ದೇವರಕೋಣೆಯಿಂದ ಹೊರಬಿದ್ದ ಹಳೆಯ ಚೌಕಟ್ಟುಗಳಿಗೆ ಕಾರೈಕುಡಿಯ ಹಳೆಸಾಮಾನಿನ ಅಂಗಡಿಗಳಲ್ಲೂ ಗಿರಾಕಿಗಳಿದ್ದಾರೆ.