ಲಿಸ್ಬನ್ನಿನ ಒಣಮೀನು, ನೇಪಲ್ಸಿನ ಪಿಜ್ಜಾ: ಅಕ್ಕನ ಹನಿಮೂನಿಗೊಂದು ಇತಿಹಾಸ



ಕಳೆದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದರೆ, ದೊಡ್ಡಮ್ಮನ ಮಗಳು ನೋಟ್‌ಬುಕ್ ಹಿಡಿದು ಜಗಲಿಯಲ್ಲಿ ಕೂತಿದ್ದಳು. ಮೇ ತಿಂಗಳಲ್ಲಿ ಅವಳ ಮದುವೆ. ಅವಳೂ ಭಾವನಾಗುವವರೂ ಸೇರಿ ಎರಡು ವರ್ಷದಿಂದ ಕೂಡಿಟ್ಟದ್ದು ಮೂರೂವರೆ ಲಕ್ಷ. ಒಂದು ರೂಪಾಯಿ ಸಾಲ ಮಾಡುವುದಿಲ್ಲ ಎಂದು ಇಬ್ಬರೂ ಮೊದಲೇ ತೀರ್ಮಾನಿಸಿದ್ದಾರೆ. ಆಸೆ ಮಾತ್ರ ದಕ್ಷಿಣ ಯುರೋಪಿನದು. ಇಬ್ಬರಿಗೂ ಊಟವೆಂದರೆ ಪ್ರಾಣ. ಆದರೆ ಯಾವುದೋ ಟ್ರಾವೆಲ್ ಏಜೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ ದಿನಾ ರಾತ್ರಿ "ಇಂಡಿಯನ್ ಡಿನ್ನರ್" ಎಂದು ಬರೆದಿತ್ತು, ಬೆಲೆ ಆರು ಲಕ್ಷ ದಾಟಿತ್ತು.

"ಅಷ್ಟು ದೂರ ಹೋಗಿ ಚಪಾತಿ ತಿನ್ನಲಿಕ್ಕಾ?" ಎಂದು ದೊಡ್ಡಮ್ಮ ಒಳಗಿನಿಂದಲೇ ಕೇಳಿದರು.

"ನೀನು ಬಿಎಸ್ಸಿ ಓದಿದರೂ ದಿನವಿಡೀ ಹಿಡಿಯುವುದು ಇತಿಹಾಸದ ಪುಸ್ತಕ. ನೀನೇ ಒಂದು ಪ್ಲ್ಯಾನ್ ಮಾಡಿಕೊಡು ಮಾರಾಯ," ಎಂದಳು ಅಕ್ಕ. ಪ್ಲ್ಯಾನ್ ಮಾಡಲು ಕೂತವನಿಗೆ ಸಿಕ್ಕಿದ್ದು ಈ ಕಥೆಗಳು.

ಮದುವೆಯಾದ ಜೋಡಿ ಇಟಲಿಗೆ ಹೋಗುವ ರೂಢಿ ಒಂದು ಕಾಲಕ್ಕೆ ಇಂಗ್ಲೆಂಡಿನ ಹಣವಂತರದು. ರೈಲು ಬಂತು, 1864ರಲ್ಲಿ ಥಾಮಸ್ ಕುಕ್ ಎಂಬವರು ಮಧ್ಯಮ ವರ್ಗದವರನ್ನೂ ಗುಂಪು ಕಟ್ಟಿ ಇಟಲಿಗೆ ಕರೆದೊಯ್ಯಲು ಆರಂಭಿಸಿದರು. ಇಂದಿನ ಪ್ಯಾಕೇಜ್ ಟೂರಿನ ಬೇರು ಇಂಥ ಪ್ರವಾಸಗಳಲ್ಲಿದೆ. ಆದರೆ ಇವತ್ತು ಜನ ಹುಡುಕಿಕೊಂಡು ಹೋಗಿ ತಿನ್ನುವ ಪಿಜ್ಜಾ, ಗಾಸ್ಪಾಚೊ, ಉಪ್ಪುಮೀನು ಯಾವುದೂ ಆ ಹಣವಂತರ ಮೇಜಿನಿಂದ ಬಂದದ್ದಲ್ಲ. ಕೈಯಲ್ಲಿ ಕಾಸಿಲ್ಲದವರು ಹೊಟ್ಟೆ ತುಂಬಿಸಿಕೊಳ್ಳಲು ಕಂಡುಕೊಂಡದ್ದು. ಹಾಗಾಗಿ ದಿನಕ್ಕೆ ಇಬ್ಬರ ಊಟಕ್ಕೆ 40 ಯೂರೋ ಎಂದು ಲೆಕ್ಕ ಹಾಕಿದಾಗ ನನಗೆ ಭಯವಾಗಲಿಲ್ಲ.

ಮೊದಲ ಊರು ಲಿಸ್ಬನ್, ನಾಲ್ಕು ರಾತ್ರಿ. ಅಲ್ಲಿಯ ಮನೆಯೂಟವೆಂದರೆ ಬಾಕಲ್ಯಾವ್. ಕಾಡ್ ಎಂಬ ಮೀನನ್ನು ಉಪ್ಪು ಹಾಕಿ ಒಣಗಿಸಿದ್ದು. ಗಂಜಿಯ ಜೊತೆ ಸುಟ್ಟ ಒಣಮೀನು ತಿಂದು ಬೆಳೆದ ನಮಗೆ ಅದರ ವಾಸನೆ ಹೊಸತಲ್ಲ. ಆಶ್ಚರ್ಯವೆಂದರೆ ಕಾಡ್ ಪೋರ್ಚುಗಲ್ಲಿನ ಕಡಲಲ್ಲಿ ಸಿಗುವುದೇ ಇಲ್ಲ! 16ನೇ ಶತಮಾನದಿಂದ ಅವರು ಅಟ್ಲಾಂಟಿಕ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯಿಂದ ಅದನ್ನು ಹಿಡಿದು ತಂದರು. ಮನೆಯೆದುರಿನ ಕಡಲಲ್ಲಿ ಬೂತಾಯಿ ರಾಶಿ ರಾಶಿ ಇರುವಾಗ ಇಷ್ಟು ದೂರ ಯಾಕೆ? ಇಲ್ಲಿ ನನ್ನ ಬಿಎಸ್ಸಿ ಸ್ವಲ್ಪ ಉಪಯೋಗಕ್ಕೆ ಬಂತು. ಬೂತಾಯಿಯಲ್ಲಿ ಕೊಬ್ಬು ಹೆಚ್ಚು, ಇಟ್ಟರೆ ಕೊಬ್ಬು ಕಮಟುತ್ತದೆ. ಕಾಡ್‌ನ ಮಾಂಸದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ನೀರನ್ನೆಲ್ಲ ಹೀರಿಕೊಂಡ ಮೇಲೆ ಅದು ತಿಂಗಳುಗಟ್ಟಲೆ ಹಲಗೆಯಂತೆ ಉಳಿಯುತ್ತದೆ. ಮಾಂಸ ಬಿಡಬೇಕಾದ ಶುಕ್ರವಾರಗಳಿಗೂ ತಪಸ್ಸುಕಾಲದ 40 ದಿನಗಳಿಗೂ, ಕಡಲಿನಿಂದ ದೂರವಿರುವ ಬೆಟ್ಟದ ಹಳ್ಳಿಗಳಿಗೂ ಇದಕ್ಕಿಂತ ಒಳ್ಳೆಯ ಮೀನು ಇರಲಿಲ್ಲ.

ಈ ಒಣಮೀನಿನ ಹಿಂದೆ ಕಣ್ಣೀರೂ ಇದೆ. 20ನೇ ಶತಮಾನದಲ್ಲಿ ಸಲಜಾರ್ ಸರ್ವಾಧಿಕಾರ ಬಂದಾಗ, ಜನರಿಗೆ ಅಗ್ಗದ ಮೀನು ಕೊಡಬೇಕೆಂದು ಕಾಡ್ ಬೇಟೆಯನ್ನು ಸರಕಾರವೇ ಹಿಡಿತಕ್ಕೆ ತೆಗೆದುಕೊಂಡಿತು. ದೊಡ್ಡ ಹಾಯಿಹಡಗಿನಿಂದ ಬೆಳಗ್ಗೆ ಚಿಕ್ಕ ಚಿಕ್ಕ ದೋಣಿಗಳನ್ನು ಇಳಿಸುತ್ತಿದ್ದರು. ಒಂದು ದೋಣಿಗೆ ಒಬ್ಬನೇ ಮನುಷ್ಯ. ಮಂಜು ಕವಿದ ಕಡಲಲ್ಲಿ ಗಾಳ ಹಾಕಿ, ದೋಣಿ ತುಂಬಿದ ಮೇಲೆ ಹಡಗನ್ನು ಹುಡುಕಿಕೊಂಡು ಬರಬೇಕು. ಸುಮಾರು ಆರು ತಿಂಗಳು ಮನೆಯ ಮುಖ ಕಾಣುವಂತಿಲ್ಲ. ಕಡ್ಡಾಯ ಸೈನಿಕ ಸೇವೆಯ ಬದಲಿಗೆ ಈ ಕೆಲಸಕ್ಕೆ ಹೋದ ಯುವಕರಿದ್ದರು. ಈ ಒಂಟಿ ದೋಣಿಯ ಮೀನುಗಾರಿಕೆ 1970ರ ದಶಕದವರೆಗೂ ನಡೆಯಿತು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು, "ನಮ್ಮ ಅಜ್ಜನೂ ಹೀಗೇ ಕಡಲಿಗೆ ಹೋಗಿ ವಾರಗಟ್ಟಲೆ ಬರುತ್ತಿರಲಿಲ್ಲವಂತೆ," ಎಂದು ಸುಮ್ಮನಾದಳು.

ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ನಮ್ಮವರು ಯಾರಿಗೆ ಹೆದರಿ ಗೋವಾ ಬಿಟ್ಟು ಬಂದರೋ, ಅವರ ರಾಜಧಾನಿಗೆ ನಾನು ಹನಿಮೂನಿಗೆ ಹೋಗುವುದಾ?"

ಮಾತು ಸುಳ್ಳಲ್ಲ. ಕೊಂಕಣಿ ಮಾತಾಡುವ ನಮ್ಮ ಕ್ರೈಸ್ತ ಕುಟುಂಬಗಳ ಹಿರಿಯರು ಗೋವಾದಿಂದ ಕೆನರಾ ಕರಾವಳಿಗೆ ಇಳಿದು ಬಂದದ್ದಕ್ಕೆ ಕಾರಣಗಳು ಹಲವು. ಬರಗಾಲ, ತೆರಿಗೆ, ಮರಾಠರ ದಾಳಿ ಎಲ್ಲವೂ ಇದ್ದವು. ಕೆಳದಿಯ ನಾಯಕರು ಕೃಷಿಗೆ ನೆಲ ಕೊಟ್ಟದ್ದೂ ಇತ್ತು. ಆದರೆ 1560ರಿಂದ ಗೋವಾದಲ್ಲಿದ್ದ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣಾ ಮಂಡಳಿಯ ಭಯವೂ ಆ ಪಟ್ಟಿಯಲ್ಲಿ ಇದ್ದೇ ಇದೆ. 1736ರಲ್ಲಿ ಅದು ಹೊರಡಿಸಿದ ಆದೇಶವನ್ನು ಮದುವೆ ಮನೆಯಲ್ಲಿ ಕೂತು ಓದಿದರೆ ಮೈ ಜುಂ ಎನ್ನುತ್ತದೆ. ಮದುವೆಯಲ್ಲಿ ವೀಳ್ಯದೆಲೆ ಹಂಚಬಾರದು. ಹೂವು, ಅಡಿಕೆ ಕಳುಹಿಸಬಾರದು. ಊರಿನ ವಾದ್ಯ ಬಾರಿಸಬಾರದು. ಮದುವೆಯ ಹಿಂದಿನ ದಿನ ಅಕ್ಕಿ ಕುಟ್ಟಬಾರದು, ಮಸಾಲೆ ಅರೆಯಬಾರದು. ಅನ್ನ ಬೇಯಿಸುವಾಗ ಉಪ್ಪು ಹಾಕದೆ ಇರಬಾರದು! ಪ್ರಾರ್ಥನೆ ಮಾಡುವ ಬಾಯಿಗೆ ಅಡುಗೆಮನೆಯಲ್ಲೂ ಕಾವಲು. ಆ ಮಂಡಳಿಯ ಬಾಗಿಲು ಕೊನೆಗೂ ಮುಚ್ಚಿದ್ದು 1812ರಲ್ಲಿ. ನಮ್ಮ ಮನೆಗಳಲ್ಲಿ ಮದುವೆಯ ಹಿಂದಿನ ದಿನ ಇವತ್ತಿಗೂ ರೋಸ್ ಆಗುತ್ತದೆ, ತೆಂಗಿನಹಾಲು ಹಚ್ಚುತ್ತಾರೆ, ಹಿತ್ತಿಲಲ್ಲಿ ಮಸಾಲೆ ಅರೆಯುತ್ತಾರೆ. ನಿಷೇಧ ಮಾಡಿದವರು ಹೋದರು, ಅರೆಯುವ ಕಲ್ಲು ಉಳಿಯಿತು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಲಿಸ್ಬನ್ನಿನಲ್ಲೂ ಹೀಗೆ ಹೆದರಿ ಬದುಕಿದವರು ಇದ್ದರು. ಬಲವಂತದಿಂದ ದೀಕ್ಷಾಸ್ನಾನ ಪಡೆದ ಯಹೂದಿ ಕುಟುಂಬಗಳನ್ನು 1506ರಲ್ಲಿ ಸಾವೊ ದೊಮಿಂಗೊಸ್ ಚರ್ಚಿನ ಸುತ್ತಮುತ್ತ ಗುಂಪುಗಳು ಕೊಂದವು. ಆ ಚೌಕದಲ್ಲಿ 2008ರಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಇನ್ನು ಊಟದಲ್ಲಿ ಅವರ ನೆನಪು ಉಳಿದಿರುವುದು ಆಲ್ಯೆಯ್ರಾ ಎಂಬ ಸಾಸೇಜಿನಲ್ಲಿ. ಹಂದಿಮಾಂಸದ ಸಾಸೇಜು ಮನೆಯಲ್ಲಿ ತೂಗದಿದ್ದರೆ ನೆರೆಮನೆಯವರಿಗೆ ಅನುಮಾನ ಬರುತ್ತಿತ್ತು. ಅದಕ್ಕೆ ಕೋಳಿ ಮಾಂಸ, ಬ್ರೆಡ್ಡು, ಬೆಳ್ಳುಳ್ಳಿ ತುಂಬಿಸಿ ಹಂದಿಯದೇ ಎಂಬಂತೆ ತೂಗುಹಾಕುತ್ತಿದ್ದರು ಎಂದು ಅಲ್ಲಿಯವರು ಹೇಳುತ್ತಾರೆ. ಇಂದು ಸಣ್ಣ ಹೋಟೆಲುಗಳಲ್ಲಿ ಹುರಿದ ಮೊಟ್ಟೆ, ಬಟಾಟೆ ಜೊತೆ ಸಿಗುವ ಅಗ್ಗದ ಊಟ ಅದು. (ಈಗ ಕೆಲವರು ಅದಕ್ಕೂ ಹಂದಿಮಾಂಸ ಸೇರಿಸುತ್ತಾರೆ!) ಅಕ್ಕ ನೋಟ್‌ಬುಕ್ ತೆಗೆದು ಮೊದಲ ದಿನದ ಎದುರು "ಸಾವೊ ದೊಮಿಂಗೊಸ್, ಆಮೇಲೆ ಆಲ್ಯೆಯ್ರಾ" ಎಂದು ಬರೆದುಕೊಂಡಳು.

ಎರಡನೇ ದಿನಕ್ಕೆ ಬೆಲೆಮ್. ಅಲ್ಲಿಯ ಜೆರೋನಿಮುಸ್ ಮಠದೊಳಗೆ ವಾಸ್ಕೋ ಡ ಗಾಮಾನ ಸಮಾಧಿ ಇದೆ. 1498ರಲ್ಲಿ ಕೋಝಿಕ್ಕೋಡಿಗೆ ಬಂದವನೆಂದು ಶಾಲೆಯಲ್ಲಿ ಓದಿದ್ದೇವೆ. 1502ರಲ್ಲಿ ಮತ್ತೆ ಬಂದು, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟದ್ದನ್ನು ನಾವು ಕಡಿಮೆ ಓದಿದ್ದೇವೆ. ಮಠದ ಪಕ್ಕದಲ್ಲೇ 1837ರ ಮಿಠಾಯಿ ಅಂಗಡಿ ಇದೆ. ಮಠಗಳಲ್ಲಿ ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿಯಂತೆ ಬಳಸುತ್ತಿದ್ದರಂತೆ. ಉಳಿದ ಹಳದಿಗೆ ಸಕ್ಕರೆ ಸೇರಿಸಿ ಸಿಹಿ ಮಾಡಿದರು. 1834ರಲ್ಲಿ ಸರಕಾರ ಮಠಗಳನ್ನು ಮುಚ್ಚಿಸಿದಾಗ ಆ ಪಾಕ ಅಂಗಡಿಗೆ ಬಂತು. ಒಂದಕ್ಕೆ ಎರಡು ಯೂರೋಗಿಂತ ಕಡಿಮೆ, ಬಿಸಿಯಾಗಿ ದಾಲ್ಚಿನ್ನಿ ಪುಡಿ ಉದುರಿಸಿ ತಿನ್ನಬೇಕು. ಆ ಸಕ್ಕರೆ ಬಂದದ್ದು ಬ್ರೆಜಿಲಿನ ಗುಲಾಮರ ದುಡಿಮೆಯಿಂದ, ದಾಲ್ಚಿನ್ನಿ ನಮ್ಮ ಕಡೆಯ ಕಡಲಿನಿಂದ.

ಜೂನ್ ಮೊದಲ ಎರಡು ವಾರದಲ್ಲೇ ಲಿಸ್ಬನ್ನಿನಲ್ಲಿರಿ ಎಂದು ನಾನು ಹಠ ಹಿಡಿದದ್ದಕ್ಕೆ ಬೇರೆ ಕಾರಣವಿದೆ. ಪಾದುವಾದವರು ಎಂದು ನಾವು ಕರೆಯುವ ಸಂತ ಅಂತೋನಿಯವರು ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಅಲ್ಲಿಯವರಿಗೆ ಅವರು ಕಳೆದ ವಸ್ತು ಹುಡುಕಿಕೊಡುವುದಷ್ಟೇ ಅಲ್ಲ, ಮದುವೆ ಕೂಡಿಸುವ ಸಂತ ಕೂಡ. 1958ರಲ್ಲಿ ಅವರ ಹಬ್ಬದ ಹೊತ್ತಿಗೆ, ಮದುವೆ ಖರ್ಚಿಗೆ ಹಣವಿಲ್ಲದ ಜೋಡಿಗಳಿಗೆ ಸಾಮೂಹಿಕ ವಿವಾಹ ಮಾಡಿಸುವ ಪದ್ಧತಿ ಶುರುವಾಯಿತು. 1974ರ ಕ್ರಾಂತಿಯ ವರ್ಷ ನಿಂತದ್ದು 1997ರಲ್ಲಿ ಮತ್ತೆ ಆರಂಭವಾಗಿ, ಈಗ ವರ್ಷಕ್ಕೆ 16 ಜೋಡಿಗಳಿಗೆ ನಗರಸಭೆ ಮದುವೆ ಮಾಡಿಸುತ್ತದೆ. ಜೂನ್ 12ರ ರಾತ್ರಿ ಹಳೆಯ ಕೇರಿಗಳಲ್ಲಿ ಮನೆಯೆದುರೇ ಕೆಂಡ ಹಾಕಿ ಬೂತಾಯಿ ಸುಡುತ್ತಾರೆ. ತಟ್ಟೆ ಬೇಡ, ಬ್ರೆಡ್ಡಿನ ತುಂಡಿನ ಮೇಲಿಟ್ಟು ತಿನ್ನುವುದು. ಬ್ರೆಡ್ಡಿಗೆ ಅವರು ಹೇಳುವ ಮಾತೇ ನಮ್ಮಲ್ಲಿ ಪಾವ್ ಆಗಿದೆ. ಹಬ್ಬದ ವಾರ ಕೋಣೆ ಬಾಡಿಗೆ ಏರುತ್ತದೆ. ಅದಕ್ಕೆ ಊರ ಹೊರಗೆ ರೈಲು ಹಳಿಯ ಪಕ್ಕ ಕೋಣೆ ನೋಡಿದ್ದೇವೆ. ಇನ್ನೊಂದು ಮಾತು: ಅಲ್ಲಿ ಹೋಟೆಲಿನವರು ಕೇಳದೆಯೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಮುಟ್ಟಿದರೆ ಬಿಲ್ಲು ಬೀಳುತ್ತದೆ, ಬೇಡವೆಂದರೆ ತೆಗೆದುಕೊಂಡು ಹೋಗುತ್ತಾರೆ.

ಅಲ್ಲಿಂದ ಬಸ್ಸಿನಲ್ಲಿ ಸ್ಪೇನಿನ ಸೆವಿಲ್ಲೆ, ಎರಡೇ ರಾತ್ರಿ. ಮಧ್ಯಾಹ್ನ ಮಾತ್ರ ಹೊಟ್ಟೆ ತುಂಬ ಉಣ್ಣಬೇಕು, ಅದೂ ವಾರದ ದಿನಗಳಲ್ಲಿ. 1960ರ ದಶಕದಲ್ಲಿ ಪ್ರವಾಸಿಗರು ಸಾಲುಗಟ್ಟಿ ಬಂದಾಗ ಫ್ರಾಂಕೊ ಸರಕಾರ, ಹೋಟೆಲುಗಳು ನಿಗದಿತ ಬೆಲೆಗೆ ಪೂರ್ತಿ ಊಟ ಕೊಡಲೇಬೇಕೆಂದು ನಿಯಮ ಮಾಡಿತು. ಪ್ರವಾಸಿಗಾಗಿ ಮಾಡಿದ್ದನ್ನು ಕೂಲಿಯವರು, ಗುಮಾಸ್ತರು ತಮ್ಮದಾಗಿಸಿಕೊಂಡರು. ಅದೇ ಇಂದಿನ "ಮೆನು ದೆಲ್ ದಿಯಾ". ನಮ್ಮ ಹೋಟೆಲುಗಳ ಪ್ಲೇಟ್ ಊಟದ ಹಾಗೆ. ಗಾಸ್ಪಾಚೊ ಎಂಬ ತಣ್ಣನೆಯ ಸಾರು ಹೊಲದ ಕೂಲಿಗಳದು. ಹಳಸಲು ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ನೀರು ಕುಟ್ಟಿ ಕಲಸಿದ್ದು. ಟೊಮೆಟೊ ಅಮೆರಿಕದಿಂದ ಬಂದು ಸೇರಿದ್ದು ಆಮೇಲೆ.

ಕೊನೆಗೆ ಅಗ್ಗದ ವಿಮಾನ ಹಿಡಿದು ನೇಪಲ್ಸ್. ಇಲ್ಲಿಯ ಜನರನ್ನು ಹಿಂದೆ "ಎಲೆ ತಿನ್ನುವವರು" ಎಂದು ಹಾಸ್ಯ ಮಾಡುತ್ತಿದ್ದರು. ಸೊಪ್ಪು, ಕೋಸು ಅವರ ಮುಖ್ಯ ಆಹಾರ. 17ನೇ ಶತಮಾನದಲ್ಲಿ ಊರು ಕಿಕ್ಕಿರಿದು ತುಂಬಿತು, ಮಾಂಸ ಕೈಗೆಟುಕದಾಯಿತು, ಅದೇ ಹೊತ್ತಿಗೆ ಯಂತ್ರದಿಂದ ಒತ್ತುವ ಪಾಸ್ತಾ ಅಗ್ಗವಾಯಿತು. ಆಗ ಹೆಸರು "ಮ್ಯಾಕರೋನಿ ತಿನ್ನುವವರು" ಎಂದು ಬದಲಾಯಿತು. ಬೀದಿಯಲ್ಲಿ ನಿಂತು ಕೈಯಿಂದಲೇ ಬಾಯಿಗೆ ಇಳಿಸುತ್ತಿದ್ದರು. ಹಳೆಯ ಸೊಪ್ಪಿನ ರುಚಿ ಇನ್ನೂ ಉಳಿದಿದೆ: ಫ್ರಿಯಾರಿಯೆಲ್ಲಿ ಎಂಬ ಕಹಿಸೊಪ್ಪನ್ನು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ ಕೊಡುತ್ತಾರೆ. ದೊಡ್ಡಮ್ಮನಿಗೆ ಇದೊಂದು ಬಹಳ ಇಷ್ಟವಾಯಿತು.

ಪಿಜ್ಜಾದ ಮಾತು ಹೇಳದೆ ಮುಗಿಸಲಾಗದು. ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾ 1840ರ ದಶಕದಲ್ಲಿ ಬರೆದ ಪ್ರವಾಸ ಪುಸ್ತಕದಲ್ಲಿ ನೇಪಲ್ಸಿನ ಬಡವರು ಚಳಿಗಾಲದಲ್ಲಿ ಪಿಜ್ಜಾ, ಬೇಸಗೆಯಲ್ಲಿ ಕಲ್ಲಂಗಡಿ ತಿಂದು ಬದುಕುತ್ತಾರೆ ಎಂದ. "ಪಿಜ್ಜಾ ಆ ಒತ್ತೊ" ಎಂಬುದನ್ನು ಕೇಳಿ ಅದು ಎಂಟು ದಿನ ಹಳೆಯ ಪಿಜ್ಜಾ ಎಂದುಕೊಂಡ ಪಾಪ! ನಿಜದಲ್ಲಿ ಅದು ಇವತ್ತು ತಿಂದು ಎಂಟು ದಿನದ ಮೇಲೆ ದುಡ್ಡು ಕೊಡುವ ವ್ಯವಸ್ಥೆ. ನಮ್ಮೂರ ಜಿನಸಿ ಅಂಗಡಿಯ ಸಾಲದ ಪುಸ್ತಕ ಗೊತ್ತಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತಿತ್ತು. 1889ರಲ್ಲಿ ರಾಣಿ ಮಾರ್ಗರೀತಾಳಿಗಾಗಿ ಕೆಂಪು, ಬಿಳಿ, ಹಸಿರು ಪಿಜ್ಜಾ ಮಾಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಅನುಮಾನಿಸುವ ಇತಿಹಾಸಕಾರರಿದ್ದಾರೆ, ನಾನೂ ಅವರ ಪಕ್ಷ. ಟೊಮೆಟೊ, ಚೀಸ್, ತುಳಸಿಯಂಥ ಬೇಸಿಲ್ ಸೇರಿಸಲು ಬಡವನಿಗೆ ರಾಣಿಯ ಅಪ್ಪಣೆ ಯಾಕೆ? ಹಳೆಯ ಕೇರಿಯಲ್ಲಿ ಇಂದಿಗೂ ಐದರಿಂದ ಎಂಟು ಯೂರೋಗೆ ಒಂದು ಇಡೀ ಮಾರ್ಗರೀತಾ ಸಿಗುತ್ತದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಬೇಕು, ಕೂತರೆ ಬೆಲೆ ಬೇರೆ.

ಅದೇ ಕಾಫಿ ಅಂಗಡಿಗಳಲ್ಲಿ "ಕಾಫೆ ಸೊಸ್ಪೇಸೊ" ಎಂಬ ಪದ್ಧತಿ ಇದೆ. ಒಂದು ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗುವುದು. ಆಮೇಲೆ ಕಾಸಿಲ್ಲದವನೊಬ್ಬ ಬಂದು "ಸೊಸ್ಪೇಸೊ ಇದೆಯಾ" ಎಂದು ಕೇಳಿ ಕುಡಿಯುತ್ತಾನೆ. ಕೊಟ್ಟವನಿಗೆ ಇವನ ಮುಖ ಗೊತ್ತಿಲ್ಲ, ಇವನಿಗೆ ಅವನದು ಗೊತ್ತಿಲ್ಲ.

ನಿನ್ನೆ ಲೆಕ್ಕ ಕೂಡಿಸಿದೆವು. ವೀಸಾ ಶುಲ್ಕ ತಲೆಗೆ 90 ಯೂರೋ, 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ, ಲಿಸ್ಬನ್ನಿಗೆ ಹೋಗಿ ನೇಪಲ್ಸಿನಿಂದ ಮರಳುವ ಒಂದೇ ಟಿಕೆಟ್, ಒಂಬತ್ತು ರಾತ್ರಿಯ ಕೋಣೆ, ಊಟ, ಬಸ್ಸು. ಮೂರೂವರೆ ಲಕ್ಷದೊಳಗೆ ಮುಗಿದು ಸ್ವಲ್ಪ ಉಳಿಯಿತು. ಭಾವ ಪೆನ್ನು ತೆಗೆದುಕೊಂಡು ನೇಪಲ್ಸಿನ ಮೂರು ದಿನಗಳ ಎದುರು ದಿನಕ್ಕೆ ಎರಡು ಕಾಫಿ ಹೆಚ್ಚಿಗೆ ಬರೆದರು. ದೊಡ್ಡಮ್ಮ ಮಾತ್ರ ಕೇಳಲಿಲ್ಲ, ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಕಟ್ಟಿಕೊಡುವವರೇ.